ಪಿಎಐಜಿಸಿ

ಪಶ್ಚಿಮ ಆಫ್ರಿಕದ ಪೋರ್ಚುಗೀಸ್ ಗಿನಿ (ಇಂದಿನ ಗಿನಿ-ಬಿಸ್ಸಾವು) ಮತ್ತು ಅಟ್ಲಾಂಟಿಕ್ ಸಾಗರದ ಕೇಪ್ ವರ್ಡ್ ದ್ವೀಪಗಳ ಬಿಡುಗಡೆಗಾಗಿ ಸಶಸ್ತ್ರ ಹೋರಾಟ ನಡೆಸಿದ ಪಕ್ಷ. 1956ರಲ್ಲಿ ಬಿಸ್ಸಾವು ನಗರದಲ್ಲಿ ಗುಟ್ಟಾಗಿ ಹುಟ್ಟಿತು. ಇದರ ನಾಯಕ ಅಮಿಲ್ಕಾರ್ ಕಬ್ರಾಲ್ (1924–73) ಲಿಸ್ಬನ್‌ನಲ್ಲಿ ಓದಿದ ಕೃಷಿ ವಿಜ್ಞಾನಿ. 1953ರಲ್ಲಿ ವಸಾಹತು ಸರ್ಕಾರದ ಕೃಷಿ ಗಣತಿಗಾಗಿ ಆತ ಹಳ್ಳಿಹಳ್ಳಿ ತಿರುಗಿದ್ದ. ಯಾವ ಬುಡಕಟ್ಟು ಯಾವ ಮಣ್ಣಿನಲ್ಲಿ ಏನು ಬೆಳೆಯುತ್ತದೆ, ಯಾರ ದುಡಿಮೆ ಯಾರ ಪಾಲಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದ. ಮುಂದೆ ಹೋರಾಟಕ್ಕೆ ಬುನಾದಿಯಾದದ್ದು ಬಂದೂಕಿಗಿಂತ ಹೆಚ್ಚಾಗಿ ಈ ತಿಳಿವಳಿಕೆಯೇ.

1959ರ ಆಗಸ್ಟ್ 3ರಂದು ಪಿಜಿಗಿಟಿ ಬಂದರಿನಲ್ಲಿ ಹೆಚ್ಚು ಕೂಲಿ ಕೇಳಿ ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸುಮಾರು 50 ಮಂದಿ ಸತ್ತರೆಂದು ಪಕ್ಷ ಹೇಳಿತು. ಪಟ್ಟಣದ ಮುಷ್ಕರದಿಂದ ಬಿಡುಗಡೆ ಸಿಗದೆಂದು ಮನಗಂಡು ಪಕ್ಷ ಹಳ್ಳಿಗಳತ್ತ ಹೊರಳಿತು. ನೆರೆಯ ಗಿನಿಯ ಕೊನಾಕ್ರಿಯಲ್ಲಿ ತರಬೇತಿ ಪಡೆದ ತರುಣರು ರೈತರ ನಡುವೆ ವರ್ಷಗಟ್ಟಲೆ ಮಾತಿನ ಕೆಲಸವನ್ನೇ ಮಾಡಿದರು. ಕಾಂಡ್ಲಾ ಕಾಡು ಕಡಿದು, ಒಡ್ಡು ಕಟ್ಟಿ, ಉಪ್ಪುನೀರನ್ನು ತಡೆದು ಭತ್ತ ಬೆಳೆಯುತ್ತಿದ್ದ ಬಲಾಂಟ ಜನ ದೊಡ್ಡ ಸಂಖ್ಯೆಯಲ್ಲಿ ಜೊತೆಗೂಡಿದರು. 1961ರಲ್ಲಿ ಕಸಬ್ಲಾಂಕದಲ್ಲಿ ರೂಪುಗೊಂಡ ಪೋರ್ಚುಗೀಸ್ ವಸಾಹತುಗಳ ಹೋರಾಟ ಸಂಘಟನೆಗಳ ಒಕ್ಕೂಟದಲ್ಲಿ ಪಕ್ಷವೂ ಸೇರಿತ್ತು; ಅಂಗೋಲ, ಮೊಜಾಂಬಿಕ್‌ಗಳವರ ಜೊತೆ ಗೋವಾದ ಹೋರಾಟಗಾರರೂ ಅದರಲ್ಲಿದ್ದರು.

1963ರ ಜನವರಿ 23ರಂದು ಟಿಟೆಯ ಸೇನಾ ಶಿಬಿರದ ಮೇಲೆ ನಡೆದ ದಾಳಿಯಿಂದ ಯುದ್ಧ ಆರಂಭವಾಯಿತು. ಮರುವರ್ಷ ಕೋಮೊ ದ್ವೀಪವನ್ನು ಮರಳಿ ಹಿಡಿಯಲು ಪೋರ್ಚುಗೀಸರು ಎರಡು ತಿಂಗಳಿಗೂ ಹೆಚ್ಚು ಕಾಲ ಹೆಣಗಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಕಸ್ಸಾಕಾದಲ್ಲಿ ನಡೆದ ಅಧಿವೇಶನಕ್ಕೆ ಯಾವ ಕದನಕ್ಕಿಂತಲೂ ಹೆಚ್ಚಿನ ಮಹತ್ವವಿದೆ. ಬಂದೂಕಿನ ಬಲದಿಂದ ಹಳ್ಳಿಗರನ್ನು ಪೀಡಿಸುತ್ತಿದ್ದ ತನ್ನದೇ ದಳಪತಿಗಳನ್ನು ಪಕ್ಷ ಅಲ್ಲಿ ದಂಡಿಸಿತು. ಚದುರಿದ ದಳಗಳನ್ನು ಒಂದೇ ಸೇನೆಯಾಗಿ ಕಟ್ಟಿತು. ವಿಮೋಚಿತ ಪ್ರದೇಶಗಳ ಆಡಳಿತ ಐವರ ಗ್ರಾಮ ಸಮಿತಿಗಳ ಕೈಗೆ ಬಂತು. ಐವರಲ್ಲಿ ಇಬ್ಬರಾದರೂ ಹೆಂಗಸರಿರಬೇಕೆಂಬುದು ನಿಯಮ. ‘ಜನರ ಅಂಗಡಿ’ಗಳಲ್ಲಿ ಅಕ್ಕಿ ಅಳೆದುಕೊಟ್ಟು ಬಟ್ಟೆಬರೆ ಒಯ್ಯಬಹುದಿತ್ತು. ಕಾಡಿನೊಳಗೆ ಶಾಲೆಗಳು ನಡೆದವು. ಸ್ವಾತಂತ್ರ್ಯ ಬರುವ ಮೊದಲೇ ಹೀಗೆ ಒಂದು ನಾಡು ತನ್ನನ್ನು ತಾನು ಆಳಿಕೊಳ್ಳುತ್ತಿತ್ತು. 1972ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ತಂಡವೊಂದು ಇಲ್ಲಿಗೆ ಬಂದು ಇದನ್ನು ಕಂಡುಹೋಯಿತು.

1973ರ ಜನವರಿ 20ರಂದು ಕೊನಾಕ್ರಿಯಲ್ಲಿ ಕಬ್ರಾಲ್‌ನನ್ನು ಪಕ್ಷದವರೇ ಕೆಲವರು ಕೊಂದರು. ಆತನ ಅಂತ್ಯಕ್ರಿಯೆಗೆ ಹೊರಟಿದ್ದ ದಳನಾಯಕಿ ಟಿಟಿನಾ ಸಿಲಾ ಹತ್ತೇ ದಿನದಲ್ಲಿ ಪೋರ್ಚುಗೀಸರ ಹೊಂಚುದಾಳಿಗೆ ಬಲಿಯಾದಳು. ಆ ದಿನ, ಜನವರಿ 30, ಇಂದು ಗಿನಿ-ಬಿಸ್ಸಾವುವಿನ ಮಹಿಳಾ ದಿನ. ಹೋರಾಟ ಮಾತ್ರ ನಿಲ್ಲಲಿಲ್ಲ. ಸೋವಿಯತ್ ವಿಮಾನನಾಶಕ ಕ್ಷಿಪಣಿಗಳು ಬಂದ ಮೇಲೆ ಪೋರ್ಚುಗೀಸರ ವಾಯುಬಲದ ಹಿಡಿತ ಸಡಿಲಿತು. ಸೆಪ್ಟೆಂಬರ್ 24ರಂದು ಬೊಎಯ ಗುಡ್ಡಗಾಡಿನಲ್ಲಿ ಪಕ್ಷ ಸ್ವಾತಂತ್ರ್ಯ ಘೋಷಿಸಿತು. ವಸಾಹತು ಯುದ್ಧಗಳಿಂದ ಬೇಸತ್ತ ಸೇನಾಧಿಕಾರಿಗಳು 1974ರ ಏಪ್ರಿಲ್‌ನಲ್ಲಿ ಲಿಸ್ಬನ್‌ನ ಸರ್ಕಾರವನ್ನೇ ಉರುಳಿಸಿದ ಬಳಿಕ, ಸೆಪ್ಟೆಂಬರ್ 10ರಂದು ಪೋರ್ಚುಗಲ್ ಆ ಸ್ವಾತಂತ್ರ್ಯಕ್ಕೆ ಮನ್ನಣೆ ಕೊಟ್ಟಿತು. ಕೇಪ್ ವರ್ಡ್ 1975ರ ಜುಲೈ 5ರಂದು ಸ್ವತಂತ್ರವಾಯಿತು.

ಎರಡೂ ನಾಡುಗಳನ್ನು ಒಂದುಗೂಡಿಸುವ ಕಬ್ರಾಲ್‌ನ ಕನಸು ಕೈಗೂಡಲಿಲ್ಲ. 1980ರ ನವೆಂಬರ್‌ನಲ್ಲಿ ಆತನ ಮಲತಮ್ಮ, ಗಿನಿ-ಬಿಸ್ಸಾವುವಿನ ಅಧ್ಯಕ್ಷ ಲೂಯಿಸ್ ಕಬ್ರಾಲ್‌ನನ್ನು ಹಿಂದಿನ ದಳಪತಿ ಜೊಆವ್ ಬರ್ನಾರ್ಡೊ ವಿಯೆರಾ ಪದಚ್ಯುತಗೊಳಿಸಿದ. ಮರುವರ್ಷ ಕೇಪ್ ವರ್ಡ್‌ನವರು ಬೇರೆ ಪಕ್ಷ ಕಟ್ಟಿಕೊಂಡರು.