ಹಳ್ಳಿ ಹುಡುಗ ಅಂದ್ರೆ ಯಾರು?

ಜವಾಹರ್ ನವೋದಯ ವಿದ್ಯಾಲಯದ ಆರನೇ ಕ್ಲಾಸಿನ ಪ್ರವೇಶ ಪುಸ್ತಿಕೆಯನ್ನು ಯಾರಾದರೂ ಪೂರ್ತಿ ಓದಿದ್ದೀರಾ? ಅಪ್ಪ ಅಮ್ಮಂದಿರು ಕೊನೆಯ ದಿನಾಂಕ ನೋಡ್ತಾರೆ, ಯಾವ್ಯಾವ ಸರ್ಟಿಫಿಕೇಟ್ ಬೇಕು ನೋಡ್ತಾರೆ, ಸೈಬರ್ ಸೆಂಟರಿಗೆ ಓಡ್ತಾರೆ. ಆದರೆ ನಡುವೆ ಒಂದು ನಿಯಮ ಇದೆ. ಮೂರು, ನಾಲ್ಕು, ಐದನೇ ಕ್ಲಾಸನ್ನು ಹಳ್ಳಿ ಶಾಲೆಯಲ್ಲಿ ಓದಿದ ಮಗು ಗ್ರಾಮೀಣ ಕೋಟಾಕ್ಕೆ ಬರುತ್ತೆ. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ.

ಒಂದು ದಿನ. ಹೌದು, ಲೆಕ್ಕ ಅಷ್ಟು ಬಿಗಿ.

ಇದನ್ನು ಬರೆದವರ ಉದ್ದೇಶ ಕೆಟ್ಟದ್ದಲ್ಲ. ಊರಲ್ಲಿ ಅಜ್ಜಿ ಮನೆ ವಿಳಾಸ ತೋರಿಸಿ, ಮಗುವನ್ನು ಸಿಟಿಯಲ್ಲೇ ಓದಿಸಿ, ಕೊನೆಗೆ 'ನಮ್ಮದು ಹಳ್ಳಿ ಸಾರ್' ಅನ್ನುವ ಜಾಣರನ್ನು ತಡೆಯೋದು ಅವರ ಲೆಕ್ಕಾಚಾರ. ಆದರೆ ಈ ನಿಯಮದ ಬಲೆಗೆ ಬೀಳೋದು ಯಾರು? ಅದನ್ನು ಹೇಳೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸರ್ಕಾರದ ಸೀಟು ಕಡಿಮೆ, ಕೇಳುವ ಮಕ್ಕಳು ಜಾಸ್ತಿ ಅಂದಾಗ 'ಹಿಂದುಳಿದವರು ಯಾರು' ಅಂತ ಕೇಳುವ ಪ್ರಶ್ನೆಗೆ ನಮ್ಮ ಕರ್ನಾಟಕದಲ್ಲೇ ನೂರು ವರ್ಷ ಮೀರಿದ ಇತಿಹಾಸ ಇದೆ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ಸರ್ಕಾರಿ ನೌಕರಿಯೆಲ್ಲ ಒಂದೇ ಸಮುದಾಯದ ಕೈಯಲ್ಲಿದೆ, ಉಳಿದವರಿಗೆ ದಾರಿ ಮಾಡಿಕೊಡಿ ಅನ್ನೋದು ಆಗಿನ ಕೂಗು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರಲಿಲ್ಲ. ಮಹಾರಾಜರು ಹಿಂದೆ ಸರಿಯಲಿಲ್ಲ. ಮಿಲ್ಲರ್ ಸಮಿತಿ ಕೇಳಿದ ಪ್ರಶ್ನೆ ಸರಳ: ನೀನು ಯಾವ ಜಾತಿ? ಆ ಕಾಲಕ್ಕೆ ಅದೇ ಸರಿಯಾದ ಪ್ರಶ್ನೆ ಅಂತ ನಾನೂ ಹೇಳ್ತೀನಿ. ಯಾಕಂದ್ರೆ ಶಾಲೆಯ ಬಾಗಿಲು ಮುಚ್ಚಿದ್ದದ್ದೂ ಜಾತಿ ನೋಡಿಯೇ.

ಆಮೇಲೆ ಬಂದದ್ದು 1962. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68ರಷ್ಟು ಸೀಟು ಮೀಸಲು ಅಂತ ಜುಲೈ 31ರಂದು ಆದೇಶ ಹೊರಟಿತು. ವಿದ್ಯಾರ್ಥಿಗಳು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 28ಕ್ಕೆ ತೀರ್ಪು. ಇದೇ ಪ್ರಸಿದ್ಧ ಬಾಲಾಜಿ ಪ್ರಕರಣ. ಜಾತಿಯೊಂದನ್ನೇ ಅಳತೆಗೋಲು ಮಾಡುವಂತಿಲ್ಲ, ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅಂತ ಕೋರ್ಟ್ ಹೇಳಿತು. ಇವತ್ತು ದೇಶದಲ್ಲೆಲ್ಲ ಶೇ. 50ರ ಮಿತಿ ಅಂತ ಚರ್ಚೆ ಆಗುತ್ತಲ್ಲ, ಅದರ ಬೇರು ಇರೋದು ನಮ್ಮ ಮೈಸೂರಿನ ಈ ಕೇಸಿನಲ್ಲಿ.

ಏಟು ತಿಂದ ಮೈಸೂರು ಸರ್ಕಾರ ಸುಮ್ಮನೆ ಕೂರಲಿಲ್ಲ. 1963ರ ಜುಲೈನಲ್ಲಿ ಇನ್ನೊಂದು ಆದೇಶ ತಂತು. ಇದರ ಬಗ್ಗೆ ನಮ್ಮ ಟಿವಿ ಚರ್ಚೆಗಳಲ್ಲಿ ಯಾರೂ ಮಾತಾಡಲ್ಲ, ನನಗೆ ಮಾತ್ರ ಬಹಳ ಮುಖ್ಯ ಅನ್ಸುತ್ತೆ. ಈ ಸಲ ಜಾತಿ ಕೇಳಲೇ ಇಲ್ಲ. ಎರಡೇ ಪ್ರಶ್ನೆ. ನಿಮ್ಮ ಅಪ್ಪ ಏನು ಕೆಲಸ ಮಾಡ್ತಾರೆ? ಮನೆಗೆ ವರ್ಷಕ್ಕೆ ಎಷ್ಟು ಬರುತ್ತೆ? ವರ್ಷದ ಆದಾಯ 1,200 ರೂಪಾಯಿ ಮೀರಬಾರದು. ಬೇಸಾಯ, ಸಣ್ಣಪುಟ್ಟ ವ್ಯಾಪಾರ, ಕೆಳದರ್ಜೆಯ ನೌಕರಿ, ಕುಶಲಕರ್ಮ ಅಥವಾ ಮೈಮುರಿದು ದುಡಿಯುವ ಬೇರೆ ಕೆಲಸ ಇರಬೇಕು. ಅಂಥ ಮನೆಯ ಮಕ್ಕಳು ಹಿಂದುಳಿದವರು, ಅವರಿಗೆ ಶೇ. 30 ಸೀಟು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ಎತ್ತಿಹಿಡಿಯಿತು.

ಅದೇ ಕೇಸಿನಲ್ಲಿ ಇನ್ನೊಂದು ತಕರಾರಿತ್ತು: ಸಂದರ್ಶನ. ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಆಟೋಟ, ಎನ್‌ಸಿಸಿ ನೋಡಿ ಅಂಕ ಕೊಡೋದು. ಹೈಕೋರ್ಟಿಗೆ ಇದು ಸರಿ ಕಾಣಲಿಲ್ಲ, ಸುಪ್ರೀಂ ಕೋರ್ಟ್ ಇರಲಿ ಬಿಡಿ ಅಂದಿತು. ಸಂದರ್ಶನ ಅಂದ್ರೆ ನಮ್ಮ ದೇಶದಲ್ಲಿ ಏನಾಗುತ್ತೆ ಅನ್ನೋದು ಸುಪ್ರೀಂ ಕೋರ್ಟಿಗೇ ಗೊತ್ತಾಗೋಕೆ ಮತ್ತೂ ಹದಿನಾರು ವರ್ಷ ಬೇಕಾಯ್ತು. 1980ರಲ್ಲಿ ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಕೇಸು ಬಂತು, ಅಜಯ್ ಹಾಸಿಯಾ ಪ್ರಕರಣ. ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬ ಹುಡುಗನ ಸಂದರ್ಶನ ಎರಡು ಮೂರು ನಿಮಿಷದಲ್ಲಿ ಮುಗಿದಿತ್ತು, ಕೇಳಿದ್ದು ಅಪ್ಪ ಅಮ್ಮ ಯಾರು, ಮನೆ ಎಲ್ಲಿ ಅಂತ, ಅನ್ನೋದು ಹುಡುಗರ ದೂರು. ಇಷ್ಟು ಅಂಕ ಸಂದರ್ಶನಕ್ಕೆ ಇಡೋದು ಮನಸೋಇಚ್ಛೆ, ಇನ್ನು ಮುಂದೆ ಶೇ. 15 ದಾಟಬಾರದು ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು.

ಈ ಹಿನ್ನೆಲೆ ತಲೆಯಲ್ಲಿಟ್ಟುಕೊಂಡು ನವೋದಯಕ್ಕೆ ಬನ್ನಿ.

ರಾಜೀವ್ ಗಾಂಧಿ ಪ್ರಧಾನಿ. ಸ್ವತಃ ಡೆಹ್ರಾಡೂನಿನ ಡೂನ್ ಸ್ಕೂಲಿನಲ್ಲಿ ಓದಿದವರು. ದುಡ್ಡಿದ್ದವರ ಮಕ್ಕಳಿಗೆ ಸಿಗುವಂಥ ವಸತಿ ಶಾಲೆ ಹಳ್ಳಿಯ ಬುದ್ಧಿವಂತ ಮಗುವಿಗೂ ಸಿಗಲಿ, ಊಟ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದು, ಜಿಲ್ಲೆಗೊಂದು ಶಾಲೆ ಅನ್ನೋದು ಯೋಜನೆ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆ ಪ್ರಯೋಗಕ್ಕೆ ಶುರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಅದಕ್ಕೆ ಮುದ್ರೆ ಬಿತ್ತು. ಇವತ್ತು ದೇಶದಲ್ಲಿ 600ಕ್ಕೂ ಹೆಚ್ಚು ನವೋದಯಗಳಿವೆ. ಹಿಂದಿ ಕಾರಣಕ್ಕೆ ಬೇಡ ಅಂದ ತಮಿಳುನಾಡಿನಲ್ಲಿ ಮಾತ್ರ ಇಲ್ಲ. ಒಂದೊಂದು ಶಾಲೆಯ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಮಕ್ಕಳು. ಇಡೀ ಜಿಲ್ಲೆಗೆ 80!

ಆಯ್ಕೆ ಹೇಗೆ? ಸಂದರ್ಶನ ಇಲ್ಲ. ಶಾಸಕರ ಪತ್ರ ನಡೆಯಲ್ಲ. ಎರಡು ಗಂಟೆಯ ಒಂದು ಪರೀಕ್ಷೆ. ಈಗಿನ ಲೆಕ್ಕದಲ್ಲಿ 80 ಪ್ರಶ್ನೆ, ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ ಬರೀ ಚಿತ್ರ. ನಾಲ್ಕು ಚಿತ್ರದಲ್ಲಿ ಬೇರೆಯಾದದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ಹೇಗಿರುತ್ತೆ, ಇಂಥವು. ಓದಿದ ಮನೆಯ ಮಗುವಿಗೂ ಓದದ ಮನೆಯ ಮಗುವಿಗೂ ಚಿತ್ರ ಒಂದೇ ಅಲ್ವಾ ಅನ್ನೋದು ತರ್ಕ. ಉಳಿದದ್ದು ಗಣಿತ, ಭಾಷೆ, ಅದನ್ನೂ ಕನ್ನಡದಲ್ಲೇ ಬರೀಬಹುದು. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಆಯಾ ಜಿಲ್ಲೆಯ ಜನಸಂಖ್ಯೆ ನೋಡಿ ಮೀಸಲು. ಇತರೆ ಹಿಂದುಳಿದ ವರ್ಗಕ್ಕೆ ಶೇ. 27 ಬಂದದ್ದು ಮಾತ್ರ ಬಹಳ ತಡವಾಗಿ, 2021-22ರಲ್ಲಿ. ಇದೆಲ್ಲದರ ಮೇಲೆ, ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ.

ನಾನು ಕೇಳಿದರೆ, ಸ್ವತಂತ್ರ ಭಾರತದ ಸರ್ಕಾರಗಳು ಮಕ್ಕಳಿಗಾಗಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಈ ಶಾಲೆಗಳಿಂದ ಬಂದ ಐಎಎಸ್ ಅಧಿಕಾರಿಗಳು, ಡಾಕ್ಟರುಗಳು, ಎಂಜಿನಿಯರುಗಳು ನಮ್ಮ ರಾಜ್ಯದಲ್ಲೂ ಇದ್ದಾರೆ. ಆದ್ದರಿಂದ ನನ್ನ ತಕರಾರು ಶಾಲೆಯ ಮೇಲಲ್ಲ, ಗ್ರಾಮೀಣ ಕೋಟಾದ ಮೇಲೂ ಅಲ್ಲ. 'ಗ್ರಾಮೀಣ' ಅನ್ನುವ ಪದವನ್ನು ಅಳೆಯುವ ಟೇಪಿನ ಮೇಲೆ.

ಗಮನಿಸಿ, ಮಿಲ್ಲರ್ ಜಾತಿ ಕೇಳಿದರು. 1963ರ ಮೈಸೂರು ಸರ್ಕಾರ ಅಪ್ಪನ ಕೆಲಸ, ಆದಾಯ ಕೇಳಿತು. ನವೋದಯದ ಗ್ರಾಮೀಣ ಕೋಟಾ ಕೇಳೋದು ಒಂದೇ: ಶಾಲೆ ಕಟ್ಟಡ ಎಲ್ಲಿತ್ತು?

ಕಟ್ಟಡ ನೋಡಿ ಹಿಂದುಳಿದವರನ್ನು ಗುರುತಿಸಿದರೆ ಏನಾಗುತ್ತೆ ಅನ್ನೋದನ್ನು ಸುಪ್ರೀಂ ಕೋರ್ಟ್ ನವೋದಯಕ್ಕೂ ಮುಂಚೆ ಎರಡು ಸಲ ಹೇಳಿತ್ತು. ಉತ್ತರ ಪ್ರದೇಶದ ಮೆಡಿಕಲ್ ಕಾಲೇಜುಗಳಲ್ಲಿ ಗ್ರಾಮೀಣರಿಗೆ ಅಂತ ಇಟ್ಟಿದ್ದ ಸೀಟುಗಳನ್ನು 1974ರಲ್ಲಿ, ಪ್ರದೀಪ್ ಟಂಡನ್ ಪ್ರಕರಣದಲ್ಲಿ, ಕೋರ್ಟ್ ರದ್ದು ಮಾಡಿತು. ಜನಸಂಖ್ಯೆಯ ಶೇ. 80 ಹಳ್ಳಿಯಲ್ಲೇ ಇದ್ದಾರೆ, ಅವರೆಲ್ಲರನ್ನೂ ಒಂದೇ ವರ್ಗ ಅಂತ ಹೇಗೆ ಕರೀತೀರಿ, ಬಡತನ ಪೇಟೆಯಲ್ಲೂ ಇದೆಯಲ್ಲ ಅಂತ ಕೇಳಿತು. ಗುಡ್ಡಗಾಡಿನವರ ಮೀಸಲನ್ನು ಮಾತ್ರ ಉಳಿಸಿತು. ಹತ್ತು ವರ್ಷದ ನಂತರ ಹರಿಯಾಣದ ಸರದಿ. ಒಂದರಿಂದ ಎಂಟನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಎಂಬಿಬಿಎಸ್ ಸೀಟು ಮೀಸಲಿಟ್ಟಿದ್ದರು. 1984ರ ಸುನೀಲ್ ಜೇಟ್ಲಿ ಪ್ರಕರಣದಲ್ಲಿ ಅದೂ ಬಿತ್ತು. ಹದಿನೆಂಟು ವರ್ಷದವನ ಮೆಡಿಕಲ್ ಸೀಟಿಗೂ ಹತ್ತು ವರ್ಷದ ಮಗುವಿನ ಶಾಲೆಗೂ ವ್ಯತ್ಯಾಸ ಇದೆ, ಒಪ್ಪೋಣ. ಐದನೇ ಕ್ಲಾಸಿನ ಮಗುವಿಗೆ ಊರ ಶಾಲೆ ಬಿಟ್ಟರೆ ಬೇರೆ ಪ್ರಪಂಚ ಇರಲ್ಲ. ಆದರೆ ಕೋರ್ಟ್ ಎತ್ತಿದ ಪ್ರಶ್ನೆ ಮಾತ್ರ ಅಲ್ಲೇ ನಿಂತಿದೆ: ಹಳ್ಳಿಯಲ್ಲಿ ಇರುವವರೆಲ್ಲ ಒಂದೇನಾ?

ಉತ್ತರ ನಿಮ್ಮೂರಿನ ರಿಂಗ್ ರೋಡಿನಲ್ಲೇ ಇದೆ. ನಗರಸಭೆ ಗಡಿ ದಾಟಿದ ಕೂಡಲೇ, ಗ್ರಾಮ ಪಂಚಾಯಿತಿ ಜಾಗದಲ್ಲಿ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಹಳದಿ ಬಸ್ಸು ಊರೊಳಗಿನ ಬಡಾವಣೆಗಳಿಗೆ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತೆ. ನಿಯಮದಲ್ಲಿ ಸರ್ಕಾರಿ ಶಾಲೆಯೇ ಆಗಬೇಕು ಅಂತಿಲ್ಲ, ಮಾನ್ಯತೆ ಪಡೆದ ಶಾಲೆ ಗ್ರಾಮೀಣ ಪ್ರದೇಶದಲ್ಲಿದ್ದರೆ ಸಾಕು. ಆದಾಯದ ಪ್ರಶ್ನೆ ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ವಕೀಲರ ಮಗ, ಕಂಟ್ರಾಕ್ಟರ್ ಮಗಳು ಆ ಶಾಲೆಯಲ್ಲಿ ಮೂರು ವರ್ಷ ಓದಿದರೆ ಕಾನೂನುಬದ್ಧವಾಗಿ ಹಳ್ಳಿ ಮಕ್ಕಳು. ಸುಳ್ಳು ಸರ್ಟಿಫಿಕೇಟ್ ಕೂಡ ಬೇಡ. ಇನ್ನೊಂದು ಕಡೆ, ಹೋಬಳಿ ಊರೊಂದನ್ನು ಸರ್ಕಾರ ಪಟ್ಟಣ ಪಂಚಾಯಿತಿ ಅಂತ ಮೇಲ್ದರ್ಜೆಗೇರಿಸುತ್ತೆ. ಅದೇ ಸೋರುವ ಸರ್ಕಾರಿ ಶಾಲೆ, ಅದೇ ಒಬ್ಬರು ಮೇಷ್ಟ್ರು. ಅಲ್ಲಿನ ಕೂಲಿಯವರ ಮಗು ಮಾತ್ರ ರಾತ್ರೋರಾತ್ರಿ ನಗರವಾಸಿ!

ಈಗ ಆ 'ಒಂದು ದಿನ'ಕ್ಕೆ ಬರೋಣ. ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರ ಕಡೆಯವರಿಗೆ ಗುಳೆ ಅಂದ್ರೆ ವಿವರಿಸಬೇಕಾಗಿಲ್ಲ. ಸುಗ್ಗಿ ಮುಗೀತು, ಕೆಲಸ ಇಲ್ಲ, ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಮುಂಬೈ, ಪುಣೆ, ಗೋವಾ. ಕಟ್ಟಡದ ಪಕ್ಕ ತಗಡಿನ ಶೆಡ್ಡು. ಜೊತೆಗೆ ನಾಲ್ಕನೇ ಕ್ಲಾಸಿನ ಮಗು. ಆ ಮಗುವನ್ನು ಕೆಲಸದ ಜಾಗದಲ್ಲಿ ಬಿಡಬೇಡಿ, ಹತ್ತಿರದ ಶಾಲೆಗೆ ಸೇರಿಸಿ ಅಂತ ಹೇಳೋದು ಯಾರು? ಸರ್ಕಾರವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದು ಶಾಲೆಯಿಂದ ಇನ್ನೊಂದಕ್ಕೆ ವರ್ಗವಾಗೋದು ಮಗುವಿನ ಹಕ್ಕು. ಟಿಸಿ ತಡ ಆಯ್ತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ಒಳ್ಳೆಯ ಮೇಷ್ಟ್ರೊಬ್ಬರು ಶೆಡ್ಡಿಗೆ ಹೋಗಿ, ಅಪ್ಪ ಅಮ್ಮನ ಮನವೊಲಿಸಿ, ಮಗುವನ್ನು ಬೆಂಗಳೂರಿನ ಸರ್ಕಾರಿ ಶಾಲೆಗೆ ಸೇರಿಸ್ತಾರೆ. ಮೂರು ತಿಂಗಳು ಕಲಿತ ಮಗು ಮುಂಗಾರಿಗೆ ಊರಿಗೆ ವಾಪಸ್. ಮುಂದಿನ ವರ್ಷ ನವೋದಯದ ಅರ್ಜಿ ಹಾಕೋಕೆ ಹೋದರೆ, ನೀನು ಗ್ರಾಮೀಣ ಅಲ್ಲಪ್ಪ!

ವಿಚಿತ್ರ ಏನು ಗೊತ್ತಾ? ಆ ಮಗು ಬೆಂಗಳೂರಿನಲ್ಲಿ ಶಾಲೆಗೇ ಹೋಗದೆ ಮರಳಿನ ರಾಶಿ ಮೇಲೆ ತಮ್ಮನನ್ನು ಎತ್ತಿಕೊಂಡು ಕೂತಿದ್ದರೆ, ಊರಿನ ಹಾಜರಿ ಪುಸ್ತಕದಲ್ಲಿ ಹೆಸರು ಉಳಿದು, ಗ್ರಾಮೀಣ ಕೋಟಾ ಭದ್ರವಾಗಿ ಇರ್ತಿತ್ತು. ಗುಳೆ ಹೋದದ್ದು ಐದನೇ ಕ್ಲಾಸಿನಲ್ಲಾದರೆ ಇನ್ನೂ ಕಷ್ಟ. ಐದನೇ ಕ್ಲಾಸು ಪೂರ್ತಿ ಅದೇ ಜಿಲ್ಲೆಯಲ್ಲಿ ಓದಿರಬೇಕು. ಎರಡನೇ ಸಲ ಪರೀಕ್ಷೆ ಬರೆಯೋಕೂ ಅವಕಾಶ ಇಲ್ಲ. ಒಬ್ಬ ಮಗುವಿಗೆ ಜೀವನದಲ್ಲಿ ಒಂದೇ ಸಲ.

ತಾಲ್ಲೂಕು ಕೇಂದ್ರಗಳ ಬಸ್ ಸ್ಟ್ಯಾಂಡಿನ ಸುತ್ತ ಕಾಣುವ 'ನವೋದಯ, ಸೈನಿಕ, ಮೊರಾರ್ಜಿ ಕೋಚಿಂಗ್' ಬೋರ್ಡುಗಳ ಬಗ್ಗೆ ಹೆಚ್ಚು ಹೇಳಲ್ಲ. ಕಾಗದ ಮಡಚಿ ತೂತು ಮಾಡುವ ಪ್ರಶ್ನೆಯನ್ನು ಸಾವಿರ ಸಲ ಮಾಡಿಸಿದರೆ ಅದು ಬುದ್ಧಿಯ ಪರೀಕ್ಷೆಯಾಗಿ ಉಳಿಯಲ್ಲ, ಫೀಸಿನ ಪರೀಕ್ಷೆ ಆಗುತ್ತೆ. ಅದನ್ನು ತಡೆಯೋದು ಕಷ್ಟ. ಆದರೆ ಅರ್ಜಿಯ ಕಾಲಂ ಸರಿ ಮಾಡೋದು ಕಷ್ಟವಲ್ಲ.

ನಮ್ಮದೇ ಸಿಇಟಿ ನೋಡಿ. ಅಲ್ಲೂ ಗ್ರಾಮೀಣ ಕೋಟಾ ಇದೆ, ಶೇ. 15. ಒಂದರಿಂದ ಹತ್ತನೇ ಕ್ಲಾಸು ಹಳ್ಳಿಯಲ್ಲಿ ಓದಿರಬೇಕು. ಅಷ್ಟಕ್ಕೇ ನಿಲ್ಲಲ್ಲ. ಸಾಮಾನ್ಯ ವರ್ಗದವರು ಆ ಕೋಟಾ ಕೇಳಿದರೆ ಕೆನೆಪದರಕ್ಕೆ ಸೇರಿಲ್ಲ ಅಂತ ತಹಶೀಲ್ದಾರರ ಪತ್ರ ತರಬೇಕು. ಊರಿನ ಜೊತೆ ಮನೆಯ ಪರಿಸ್ಥಿತಿಯನ್ನೂ ಕೇಳ್ತಾರೆ ಅಂತಾಯ್ತು. ಇದು ಕರ್ನಾಟಕದಲ್ಲಿ ನಡೆಯುತ್ತೆ ಅಂದ ಮೇಲೆ ನವೋದಯದಲ್ಲಿ ಯಾಕೆ ನಡೆಯಬಾರದು?

'ಒಂದು ದಿನ'ದ ನಿಯಮ ಸಂವಿಧಾನದಲ್ಲಿ ಬರೆದದ್ದಲ್ಲ, ಸಂಸತ್ತಿನ ಕಾಯ್ದೆಯೂ ಅಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ನವೋದಯ ವಿದ್ಯಾಲಯ ಸಮಿತಿ ಪ್ರತಿ ವರ್ಷ ಹೊರಡಿಸುವ ಪುಸ್ತಿಕೆಯಲ್ಲಿದೆ. ನಮ್ಮ ರಾಜ್ಯದ 28 ಸಂಸದರಲ್ಲಿ ಒಬ್ಬರು ಎದ್ದು ನಿಂತು ಕೇಳಬಹುದು. ಕೂಲಿಗಾಗಿ ಊರು ಬಿಟ್ಟವರ ಮಕ್ಕಳು ಸಿಟಿಯ ಸರ್ಕಾರಿ ಶಾಲೆಯಲ್ಲಿ ಕಳೆದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡನ್ನೋ ಗ್ರಾಮ ಪಂಚಾಯಿತಿಯ ಪತ್ರವನ್ನೋ ದಾಖಲೆ ಅಂತ ಒಪ್ಪಿಕೊಳ್ಳಿ ಅಂತ. ಜೊತೆಗೆ ಅರ್ಜಿಯಲ್ಲಿ, 1963ರಲ್ಲಿ ಮೈಸೂರು ಸರ್ಕಾರ ಕೇಳಿದ ಆ ಎರಡು ಪ್ರಶ್ನೆಗೂ ಜಾಗ ಕೊಡಿ: ಅಪ್ಪ ಏನು ಕೆಲಸ ಮಾಡ್ತಾರೆ, ಮನೆಗೆ ವರ್ಷಕ್ಕೆ ಎಷ್ಟು ಬರುತ್ತೆ.