ಗರ್ಭಿಣಿಯ ಗುಟ್ಟು ಮತ್ತು ಕಾನೂನು: ಡಾಕ್ಟರ ಬಾಯಿಗೆ ಬೀಗ, ಕೌಂಟರಿಗೆ ಇಲ್ಲ

ಸಿದ್ದಾಪುರ ತಾಲೂಕಿನ ನಮ್ಮ ಮನ್ಮನೆ ಕಡೆ ಯಾರಾದರೂ ಪೇಟೆಯ ಲ್ಯಾಬಿಗೆ ಹೋದರೆ, ಸುದ್ದಿ ಸಂಜೆ ಬಸ್ಸಿಗಿಂತ ಮೊದಲು ಊರು ಮುಟ್ಟುತ್ತೆ. ಕೆಲವು ವರ್ಷದ ಹಿಂದೆ ನನ್ನ ಸಂಬಂಧಿಯೊಬ್ಬಳು ರಕ್ತಪರೀಕ್ಷೆಗೆ ಹೋಗಿದ್ದಳು. ಗರ್ಭ ನಿಂತಿದೆಯೋ ಇಲ್ಲವೋ ಅಂತ ಅವಳಿಗೇ ಖಚಿತ ಇರಲಿಲ್ಲ, ಇಟ್ಟುಕೊಳ್ಳಬೇಕೋ ಬೇಡವೋ ಅನ್ನೋದಂತೂ ಇನ್ನೂ ದೂರದ ಮಾತು. ರಿಪೋರ್ಟ್ ಅವಳ ಕೈಗೆ ಸಿಗೋ ಮೊದಲೇ ಕೌಂಟರಿನಲ್ಲಿದ್ದ ಪರಿಚಯದ ಹುಡುಗ ಅವಳ ಮಾವನಿಗೆ ಫೋನು ಮಾಡಿ ಶುಭ ಹೇಳಿಬಿಟ್ಟಿದ್ದ. ಅವಳು ಅಂಗಳಕ್ಕೆ ಕಾಲಿಡುವಾಗ ಪಕ್ಕದ ಮನೆಯ ದೊಡ್ಡಾಯಿ ಕೇಳಿದ್ದು: "ಪೇಟಿಗೆ ಹೋಗಿದ್ಯಡ, ಹೌದನೇ ತಂಗಿ?"

ಹುಡುಗ ಕೆಟ್ಟವನಲ್ಲ. ಒಳ್ಳೇ ಸುದ್ದಿ ಅಂದುಕೊಂಡ, ಹೇಳಿದ. ಅವನು ಮುರಿದದ್ದು ಯಾವ ಕಾನೂನು ಅಂತ ಆಮೇಲೆ ಕೂತು ಹುಡುಕಿದೆ. ಗರ್ಭದ ಗೌಪ್ಯತೆಗೆ ಅಂತಲೇ ನಮ್ಮಲ್ಲಿ ಒಂದು ಕಲಂ ಇದೆ, ಜೈಲು ಶಿಕ್ಷೆಯೂ ಇದೆ. ಆದರೆ ಅದು ಆ ಹುಡುಗನನ್ನ ಮುಟ್ಟೋದೇ ಇಲ್ಲ.

ಆ ಕಲಂ 5ಎ. ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆ, 1971ರದ್ದು. 2021ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಗೆ ಬಂತು. 20 ವಾರದ ಮಿತಿಯನ್ನ ಕೆಲವು ವರ್ಗದ ಹೆಣ್ಣುಮಕ್ಕಳಿಗೆ 24 ವಾರಕ್ಕೆ ಏರಿಸಿದ್ದು, ಗರ್ಭನಿರೋಧಕ ವಿಫಲವಾದ ಸಂದರ್ಭದಲ್ಲಿ 'ವಿವಾಹಿತ ಮಹಿಳೆ, ಗಂಡ' ಅನ್ನೋ ಜಾಗಕ್ಕೆ 'ಮಹಿಳೆ, ಸಂಗಾತಿ' ಅಂತ ಬರೆದದ್ದು ಎಲ್ಲ ಸುದ್ದಿಯಾಯ್ತು. 5ಎ ಸದ್ದಿಲ್ಲದೆ ಸೇರಿತು. ಅದು ಹೇಳೋದಿಷ್ಟು: ಈ ಕಾಯ್ದೆಯಡಿ ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು, ವಿವರವನ್ನ ನೋಂದಾಯಿತ ವೈದ್ಯರು ಕಾನೂನಿನ ಅಧಿಕಾರ ಇರುವವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಬಾರದು. ಹೇಳಿದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.

ಎಂಜಿನಿಯರಿಂಗ್ ಓದಿದವನ ಚಾಳಿ, ವಾಕ್ಯ ಬಿಚ್ಚಿ ನೋಡೋಣ. 'ನೋಂದಾಯಿತ ವೈದ್ಯರು' ಅಂದಮೇಲೆ ಲ್ಯಾಬ್ ಟೆಕ್ನಿಷಿಯನ್, ರಿಸೆಪ್ಷನಿಸ್ಟು, ಬಿಲ್ಲಿಂಗಿನವರು, ಆಯಾ, ಮೆಡಿಕಲ್ ಶಾಪಿನವರು ಪಟ್ಟಿಯಲ್ಲಿಲ್ಲ. 'ಗರ್ಭಪಾತ ಮಾಡಿಸಿಕೊಂಡ' ಅಂದಮೇಲೆ ಬರೀ ವಿಚಾರಿಸೋಕೆ ಹೋದವಳು, ಪರೀಕ್ಷೆ ಮಾಡಿಸಿದವಳು, ಕೊನೆಗೆ ಮನಸ್ಸು ಬದಲಿಸಿ ಮಗು ಇಟ್ಟುಕೊಂಡವಳು ಇಲ್ಲ. 'ಈ ಕಾಯ್ದೆಯಡಿ' ಅಂದಮೇಲೆ ಪರವಾನಗಿ ಇಲ್ಲದ ಜಾಗಕ್ಕೆ ಹೋಗಿ ಸಿಕ್ಕಿಹಾಕಿಕೊಂಡವಳ ಗತಿಯೂ ಅನುಮಾನ. ರಕ್ಷಣೆ ಅತಿ ಹೆಚ್ಚು ಬೇಕಾಗಿದ್ದದ್ದು ಇವಳಿಗೇ.

ಮುಚ್ಚಿದ ಲಕೋಟೆ

ಹಾಗಂತ ಕಾನೂನು ಬರೆದವರಿಗೆ ಕೌಂಟರಿನ ಕಲ್ಪನೆಯೇ ಇರಲಿಲ್ಲ ಅನ್ನೋಕಾಗಲ್ಲ. ದಾಖಲೆ ಹೇಗಿಡಬೇಕು ಅಂತ ನಿಯಮ ಮಾಡೋ ಅಧಿಕಾರವನ್ನ ಮೂಲ ಕಾಯ್ದೆಯ 7ನೇ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಮಾದರಿಯಾಗಿ ಕೇಂದ್ರದ 2003ರ ನಿಯಮಾವಳಿ ನೋಡಿ. ಆಸ್ಪತ್ರೆಯಲ್ಲಿ ಫಾರಂ 3ರ ಪ್ರಕಾರ ಒಂದು ದಾಖಲಾತಿ ರಿಜಿಸ್ಟರ್ ಇರುತ್ತೆ. ಹೆಸರು, ಯಾರ ಹೆಂಡತಿ ಅಥವಾ ಮಗಳು, ವಯಸ್ಸು, ಧರ್ಮ, ವಿಳಾಸ, ಕಾರಣ, ಎಲ್ಲ ಅದರಲ್ಲಿ. (ಧರ್ಮ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.) ಆದರೆ ಹೆಸರು ಇರಬೇಕಾದ್ದು ಆ ಒಂದೇ ಪುಸ್ತಕದಲ್ಲಿ. ಕೇಸ್ ಶೀಟ್, ಆಪರೇಷನ್ ಥಿಯೇಟರ್ ರಿಜಿಸ್ಟರ್, ಫಾಲೋಅಪ್ ಕಾರ್ಡು, ಎಲ್ಲೂ ಹೆಸರು ಬರೆಯೋ ಹಾಗಿಲ್ಲ, ಬರೀ ಕ್ರಮಸಂಖ್ಯೆ. ಒಪ್ಪಿಗೆ ಪತ್ರ ಮತ್ತು ವೈದ್ಯರ ಅಭಿಪ್ರಾಯವನ್ನ ಲಕೋಟೆಗೆ ಹಾಕಿ, ಮುದ್ರೆ ಒತ್ತಿ, ಮೇಲೆ 'ಗೌಪ್ಯ' ಅಂತ ಗುರುತು ಹಾಕಬೇಕು. ರಿಜಿಸ್ಟರನ್ನ ಕೊನೆಯ ನಮೂದಿನಿಂದ ಐದು ವರ್ಷ ಕಳೆದಮೇಲೆ ನಾಶ ಮಾಡಬೇಕು. ನೌಕರಿಯಲ್ಲಿರೋ ಹೆಣ್ಣುಮಗಳಿಗೆ ರಜೆಗಾಗಿ ಡಾಕ್ಟರು ಸರ್ಟಿಫಿಕೇಟ್ ಕೊಡಬಹುದು, ಆ ವಿಷಯವನ್ನ ಮಾಲೀಕರು ಇನ್ನೊಬ್ಬರಿಗೆ ಹೇಳಕೂಡದು.

ಇವತ್ತಿನ ಭಾಷೆಯಲ್ಲಿ ಇದಕ್ಕೆ 'ಸ್ಯೂಡೋನಿಮೈಸೇಷನ್' ಅಂತಾರೆ. ಸಾಫ್ಟ್‌ವೇರ್ ಕಂಪನಿಗಳು ಈಗ ಕಲೀತಿರೋದನ್ನ ಕಾಗದದ ಕಾಲದಲ್ಲೇ ಯೋಚಿಸಿದ್ದರು, ಮೆಚ್ಚಬೇಕು. ಶಿಕ್ಷೆ ಮಾತ್ರ ನಗು ಬರಿಸುತ್ತೆ. ಬೇಕಂತಲೇ ನಿಯಮ ಮುರಿದವರಿಗೆ ಕಾಯ್ದೆ ಇಟ್ಟಿರೋ ಗರಿಷ್ಠ ದಂಡ 1,000 ರೂಪಾಯಿ.

ಹದಿನೇಳರ ಹುಡುಗಿ

ಇಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದವು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ಹದಿನೆಂಟರ ಒಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಡಾಕ್ಟರೂ ತಿಳಿಸಬೇಕು, ಇಲ್ಲದಿದ್ದರೆ ಅವರ ಮೇಲೇ ಕೇಸು. ಹದಿನೇಳು ವರ್ಷದ ಹುಡುಗಿ ಒಪ್ಪಿಗೆಯ ಸಂಬಂಧದಲ್ಲಿ ಗರ್ಭಿಣಿಯಾದರೂ ಕಾನೂನಿನ ಕಣ್ಣಿಗೆ ಅದು ಅಪರಾಧವೇ. ಹಾಗಾಗಿ ಆಸ್ಪತ್ರೆಗೆ ಹೋದರೆ ಪೊಲೀಸರು ಬರ್ತಾರೆ ಅನ್ನೋ ಹೆದರಿಕೆ. ಹೆದರಿದವರು ಆಸ್ಪತ್ರೆ ಬಿಟ್ಟು ಬೇರೆ ದಾರಿ ಹುಡುಕ್ತಾರೆ.

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಡಿ.ವೈ. ಚಂದ್ರಚೂಡ್, ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದೀವಾಲಾ, ಇದಕ್ಕೊಂದು ದಾರಿ ಮಾಡಿದರು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡೋ ಮಾಹಿತಿಯಲ್ಲಿ ವೈದ್ಯರು ಅವಳ ಗುರುತು ಹೇಳಬೇಕಾಗಿಲ್ಲ. ಅವಿವಾಹಿತೆಗೂ 24 ವಾರದವರೆಗಿನ ಹಕ್ಕು ಇದೆ ಅಂದದ್ದೂ ಇದೇ ತೀರ್ಪು. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆ ಎರಡನೇ ಭಾಗ. ಪೋಷಕರಿಗೇ ಹೇಳಲಾರದ ಹುಡುಗಿಯ ಸಮಸ್ಯೆ ಹಾಗೇ ಉಳೀತು, ಯಾಕಂದ್ರೆ ಹದಿನೆಂಟರ ಒಳಗಿನವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಹದಿನೆಂಟು ದಾಟಿದವಳಿಗೆ ಅವಳದೊಂದೇ ಸಹಿ ಸಾಕು. ಗಂಡನ ಸಹಿ ಕೇಳೋ ಆಸ್ಪತ್ರೆಗಳು ಕಾನೂನಿನಲ್ಲಿಲ್ಲದ್ದನ್ನ ಕೇಳ್ತಿವೆ.

ಸ್ಕ್ಯಾನಿಂಗ್ ಸೆಂಟರಿನ ಲೆಕ್ಕ ಉಲ್ಟಾ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ಫಾರಂ ಎಫ್ ತುಂಬಬೇಕು, ಅವಳಿಗೆ ಎಷ್ಟು ಗಂಡು ಎಷ್ಟು ಹೆಣ್ಣು ಮಕ್ಕಳು ಅನ್ನೋದನ್ನೂ ಸೇರಿಸಿ. ಕಡೇಪಕ್ಷ ಎರಡು ವರ್ಷ ಇಡಬೇಕು, ತಿಂಗಳ ವರದಿ ಹೋಗಬೇಕು. ಇದು ಬೇಡ ಅನ್ನೋಕಾಗಲ್ಲ. 2023ರಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲು ಮಾಡಿದ ಜಾಲದಲ್ಲಿ ಲಿಂಗಪತ್ತೆ ನಡೀತಿದ್ದದ್ದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ. ಅಲ್ಲಿಗೆ ಫಾರಮ್ಮೂ ಇಲ್ಲ, ರಿಜಿಸ್ಟರೂ ಇಲ್ಲ. ನನ್ನ ತಕರಾರು ಇಷ್ಟೇ: ಸಾಚಾ ಸೆಂಟರಿಗೆ ಹೋದ ಹೆಣ್ಣುಮಗಳ ಪೂರಾ ಮಾಹಿತಿ ಕೌಂಟರಿನ ಮೇಲಿನ ಫೈಲಿನಲ್ಲಿ ಬಿದ್ದಿರುತ್ತೆ, ಅದನ್ನ ಕಾಯೋ ಜವಾಬ್ದಾರಿ ಯಾರದು ಅಂತ ಯಾರೂ ಕೇಳಲ್ಲ.

ಅಮೆರಿಕದಲ್ಲಿ ಇದೇ ರೋಗ ಬೇರೆ ರೂಪದಲ್ಲಿದೆ. ಅಲ್ಲಿ ಗರ್ಭಪಾತ ವಿರೋಧಿ ಸಂಘಟನೆಗಳು ನಡೆಸೋ ಪುಕ್ಕಟೆ 'ಪ್ರೆಗ್ನೆನ್ಸಿ ಸೆಂಟರ್'ಗಳಿವೆ. ನೋಡೋಕೆ ಕ್ಲಿನಿಕ್ ಥರ, ಆದರೆ ಬಹುತೇಕ ಕಡೆ ವಿಮೆಗೆ ಬಿಲ್ ಕಳಿಸದ ಕಾರಣ ಅಲ್ಲಿನ ವೈದ್ಯಕೀಯ ಗೌಪ್ಯತಾ ಕಾನೂನು ಹಿಪ್ಪಾ ಇವಕ್ಕೆ ಅನ್ವಯಿಸಲ್ಲ. ವಾಷಿಂಗ್ಟನ್ ರಾಜ್ಯ 2023ರಲ್ಲಿ ಪ್ರಶ್ನೆಯನ್ನೇ ತಿರುಗಿಸಿತು. ನೀನು ಆಸ್ಪತ್ರೆಯೋ ಅಲ್ಲವೋ ಅನ್ನೋದು ಬಿಡು, ನಿನ್ನ ಹತ್ತಿರ ಆರೋಗ್ಯದ ಮಾಹಿತಿ ಇದೆಯಾ? ಹಾಗಾದರೆ ನಿಯಮ ನಿನಗೂ ಉಂಟು. ನಮಗೆ ಬೇಕಾಗಿದ್ದದ್ದು ಈ ಥರದ್ದು.

ನಮ್ಮಲ್ಲಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳು ಜಾರಿಯಾಗೋಕೆ ಅಲ್ಲಿಂದ ಹದಿನೆಂಟು ತಿಂಗಳು. ಒಳ್ಳೇದು ಏನಂದ್ರೆ ಇದು ಡಾಕ್ಟರು, ಲ್ಯಾಬು, ಮುಟ್ಟಿನ ದಿನ ಲೆಕ್ಕ ಇಡೋ ಆ್ಯಪು, ಎಲ್ಲರಿಗೂ ಅನ್ವಯ, ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದರೆ ಆರೋಗ್ಯ ಮಾಹಿತಿಗೆ ಪ್ರತ್ಯೇಕ ಸ್ಥಾನ ಇಲ್ಲ. 2011ರ ಐಟಿ ನಿಯಮಗಳಲ್ಲಿ ವೈದ್ಯಕೀಯ ದಾಖಲೆಯನ್ನ 'ಸೂಕ್ಷ್ಮ' ಅಂತ ಬೇರೆಯಾಗಿ ಗುರುತಿಸಿದ್ದರು, ಹೊಸ ಕಾಯ್ದೆ ಅದನ್ನ ಕೈಬಿಟ್ಟಿತು. ದಂಡದ ಹಣ ಹೋಗೋದು ಸರ್ಕಾರದ ಬೊಕ್ಕಸಕ್ಕೆ, ಗುಟ್ಟು ಬಯಲಾದವಳಿಗೆ ಒಂದು ಪೈಸೆಯೂ ಇಲ್ಲ. ಕಾಗದದ ರಿಜಿಸ್ಟರು, ಬಾಯಿಮಾತು ಇದರ ವ್ಯಾಪ್ತಿಗೇ ಬರಲ್ಲ. ನಮ್ಮೂರ ಹುಡುಗ ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸಿದ್ದರೆ ಒಂದು ಪ್ರಶ್ನೆ ಏಳುತ್ತಿತ್ತು. ಅವನು ಬಾಯಲ್ಲಿ ಹೇಳಿದ.

ಈಗ ಯಾರಾದರೂ ಹೋಗಬೇಕಾಗಿ ಬಂದರೆ? ಸಂಪರ್ಕಕ್ಕೆ ಸ್ವಂತ ನಂಬರನ್ನೇ ಕೊಡಿ, ರಿಪೋರ್ಟ್ ಇನ್ಯಾರ ಕೈಗೂ ಬೇಡ ಅಂತ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ. ಕೇಸ್ ಶೀಟಿನಲ್ಲಿ ಹೆಸರು ಬರೀತಿದ್ದರೆ ಕ್ರಮಸಂಖ್ಯೆ ಯಾಕಿಲ್ಲ ಅಂತ ಕೇಳಿ. ಡಾಕ್ಟರೇ ಬಾಯಿಬಿಟ್ಟರೆ 5ಎ ಇದೆ, ಕರ್ನಾಟಕ ವೈದ್ಯಕೀಯ ಪರಿಷತ್ತೂ ಇದೆ. ಖಾಸಗಿ ಆಸ್ಪತ್ರೆ ಮೇಲಿನ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ರಾಜ್ಯದ ಕೆಪಿಎಂಇ ಕಾಯ್ದೆಯಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಆ ಕಚೇರಿ ಘಟ್ಟ ಇಳಿದು ಕಾರವಾರದಲ್ಲಿ. ದೂರು ಅರ್ಜಿಯ ಮೊದಲ ಸಾಲಿನಲ್ಲಿ ಬರೆಯಬೇಕಾದ್ದು ಅವಳ ಹೆಸರು, ವಿಳಾಸ.