ನೀಲಿ ಹೂವಿನಲ್ಲಿ ಗುಲಾಬಿ ಕೋಶ: ವಿಕಿರಣವನ್ನು ಲೆಕ್ಕವಿಟ್ಟ ಗಿಡ

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೈಗೆ ತಾಗಿದರೂ ನಮಗೆ ತಿಳಿಯುವುದಿಲ್ಲ. ಹಾಗಾದರೆ ನಿಂತಲ್ಲೇ ನಿಂತಿರುವ ಗಿಡಕ್ಕೆ ತಿಳಿಯುತ್ತದೆಯೇ? ಮಕ್ಕಳು ಕೇಳಬಹುದಾದ ಈ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಎಕ್ಸ್-ಕಿರಣದಿಂದ ಬಾರ್ಲಿಯಲ್ಲಿ ಉತ್ಪರಿವರ್ತನೆ ಆಗುತ್ತದೆಂದು ಅಮೆರಿಕದ ಲೂಯಿಸ್ ಸ್ಟ್ಯಾಡ್ಲರ್ 1928ರಲ್ಲಿ ಪ್ರಕಟಿಸಿದರು. ಅಲ್ಲಿ ಬಳಸಿದ್ದು ಹೆಚ್ಚಿನ ಪ್ರಮಾಣ. ಅತಿ ಕಡಿಮೆ ಪ್ರಮಾಣದ ಪರಿಣಾಮವನ್ನು ಅಳೆಯುವುದು ಹೇಗೆ? ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದ ಅರ್ನಾಲ್ಡ್ ಸ್ಪ್ಯಾರೋ ಇದಕ್ಕೆ ಟ್ರಾಡೆಸ್ಕಾಂಶಿಯಾ ಎಂಬ ಗಿಡವನ್ನು ಬಳಸಿದರು. ನಮ್ಮಲ್ಲಿ ಕುಂಡಗಳಲ್ಲಿ ಬೆಳೆಸುವ ನೇರಳೆ ಎಲೆಯ ಗಿಡ ಇದರ ಹತ್ತಿರದ ಸಂಬಂಧಿ.

ಇದರ ಹೂವಿನ ಕೇಸರಗಳಲ್ಲಿ ಸಣ್ಣ ರೋಮಗಳಿವೆ. ಒಂದೊಂದು ರೋಮವೂ ಮಣಿ ಪೋಣಿಸಿದಂತಿರುವ ಜೀವಕೋಶಗಳ ಸಾಲು. ಆರಿಸಿಕೊಂಡ ತಳಿಯಲ್ಲಿ ನೀಲಿಯ ಪ್ರಬಲ ಜೀನ್ ಒಂದು, ಗುಲಾಬಿಯ ದುರ್ಬಲ ಜೀನ್ ಒಂದು. ನೀಲಿಯ ಜೀನ್ ಕೆಟ್ಟರೆ ಆ ಕೋಶ ಗುಲಾಬಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅಂಥ ಕೋಶಗಳನ್ನು ಎಣಿಸಿದರಾಯಿತು!

ಸ್ಪ್ಯಾರೋ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ರಾಡ್‌ಗಿಂತ ಕಡಿಮೆ ಪ್ರಮಾಣವೂ ಗುಲಾಬಿ ಕೋಶಗಳನ್ನು ಹೆಚ್ಚಿಸಿತ್ತು. ಒಂದು ಕಿಲೋಗ್ರಾಂ ವಸ್ತು 0.01 ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ರಾಡ್. ಅದಕ್ಕೂ ಮೊದಲು, 1967ರಲ್ಲಿ, ಬಯೋಸ್ಯಾಟಲೈಟ್-2 ಉಪಗ್ರಹದಲ್ಲಿ ಈ ಗಿಡ ಬಾಹ್ಯಾಕಾಶಕ್ಕೂ ಹೋಗಿ ಬಂದಿತ್ತು.

ಗಿಡಕ್ಕೆ ವಿಕಿರಣವನ್ನು ಅರಿಯುವ ಪ್ರತ್ಯೇಕ ಇಂದ್ರಿಯವಿಲ್ಲ. ಅದು ಅರಿಯುವುದು ತನಗಾದ ಪೆಟ್ಟನ್ನು. ವಿಕಿರಣವು ಕೋಶದೊಳಗಿನ ನೀರಿನ ಅಣುಗಳನ್ನು ಒಡೆದು ಹಾನಿಕಾರಕ ಕಣಗಳನ್ನು ಹುಟ್ಟಿಸುತ್ತದೆ. ಡಿಎನ್‌ಎ ಎಳೆಗಳೂ ತುಂಡಾಗುತ್ತವೆ. ಆಗ ಕೋಶವು ವಿಭಜನೆಯನ್ನು ತಡೆದು ದುರಸ್ತಿಗೆ ತೊಡಗುತ್ತದೆ. ಈ ಕೆಲಸವನ್ನು ನಡೆಸುವ ಎಸ್‌ಒಜಿ-1 ಎಂಬ ಜೀನ್‌ನ ಗುರುತು ಸಿಕ್ಕಿದ್ದು 2009ರಲ್ಲಿ. ದುರಸ್ತಿಯಲ್ಲಿ ಉಳಿದ ತಪ್ಪೇ ಉತ್ಪರಿವರ್ತನೆ.

1970ರ ದಶಕದಲ್ಲಿ ಜಪಾನಿನ ಸದಾವೊ ಇಚಿಕಾವಾ ಅಣುವಿದ್ಯುತ್ ಸ್ಥಾವರಗಳ ಸುತ್ತ ಈ ಗಿಡವನ್ನು ಬೆಳೆಸಿ, ಗುಲಾಬಿ ಕೋಶಗಳು ಹೆಚ್ಚಿವೆಯೆಂದು ವರದಿ ಮಾಡಿದರು. ಅದು ವಿವಾದವಾಯಿತು. ಏಕೆಂದರೆ ಕೆಲವು ರಾಸಾಯನಿಕಗಳಿಂದಲೂ ಈ ಬಣ್ಣ ಬದಲಾಗುತ್ತದೆ. ಅದೇ ದಶಕದಲ್ಲಿ ಬ್ರೂಕ್‌ಹೇವನ್‌ನವರು ನಗರಗಳ ಗಾಳಿಯ ಮಾಲಿನ್ಯವನ್ನು ಅಳೆಯಲು ಇದೇ ಗಿಡವನ್ನು ಬಳಸಿದ್ದರು.

ಗಿಡ ಪೆಟ್ಟಾಗಿದೆ ಎಂದು ಹೇಳುತ್ತದೆ. ಪೆಟ್ಟು ಕೊಟ್ಟವರು ಯಾರೆಂದು ಹೇಳುವುದಿಲ್ಲ. ಅದಕ್ಕೆ ಉಪಕರಣವೂ ಬೇಕು, ದೂರದಲ್ಲಿ ಹೋಲಿಕೆಗೆಂದು ಬೆಳೆಸಿದ ಇನ್ನೊಂದು ಗಿಡವೂ ಬೇಕು. ಸ್ಥಾವರದ ನೆರೆಯಲ್ಲಿ ಬದುಕುವ ಜನರಿಗೆ ಹೆದರಿಕೆಯೂ ಸಾಲದು, ಬರಿಯ ಭರವಸೆಯೂ ಸಾಲದು. ಎಣಿಸಿ ನೋಡಿದ ಲೆಕ್ಕ ಬೇಕು. ವಿಜ್ಞಾನದ ತರಗತಿಯಲ್ಲಿ ಮಕ್ಕಳು ಕಲಿಯಬೇಕಾದದ್ದೂ ಇದನ್ನೇ ಅಲ್ಲವೇ?